"ಸೂಪರ್ ಸಾರ್" ಅಂದವರಿಂದ ನಾನೇನೂ ಕಲಿಯಲಿಲ್ಲ

ಕಗ್ಗಲಡಿನ ಹುಣಸೆಮರದ ಮೇಲೆ ಕೂತಿದ್ದ ಬಣ್ಣದ ಕೊಕ್ಕರೆಯ ಫೋಟೊ ಅದು. ತುಮಕೂರಿನಿಂದ ಕತ್ತಲಲ್ಲೇ ಬೈಕ್ ಹತ್ತಿ, ಶಿರಾ ಮುಟ್ಟಿ, ಅಲ್ಲಿಂದ ಆ ಊರಿಗೆ ಹೋಗಿ ತೆಗೆದದ್ದು. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರೂ "ಸೂಪರ್ ಸಾರ್" ಅಂದಿದ್ದರು. ನಾನೂ ನಂಬಿದ್ದೆ.

ಹಿಂದೆ ಸ್ಟುಡಿಯೊ ಇಟ್ಟಿದ್ದ ಹಿರಿಯರೊಬ್ಬರು ನಮಗೆ ಪರಿಚಯ. ಯಜಮಾನರು ಅಂತಲೇ ಕರೆಯುತ್ತೇವೆ. ರೋಲಿಗೆ 36 ಫೋಟೊ ಅಂತ ಲೆಕ್ಕ ಹಾಕಿ ಬಟನ್ ಒತ್ತಿದ ಕಾಲದವರು. ಕನ್ನಡಕ ಮೇಲೆತ್ತಿ ಪ್ರಿಂಟ್ ನೋಡಿದರು. "ಇದು ಹಕ್ಕಿನೋ, ಮರದ ಮೇಲೆ ಪಂಚೆ ಒಣಗಹಾಕಿದ್ದೀಯೋ?" ಅಂದರು.

ಸಿಟ್ಟು ಬಂತು. ಎಷ್ಟು ಗಂಟೆಗೆ ಎದ್ದೆ, ಎಷ್ಟು ಹೊತ್ತು ಕತ್ತೆತ್ತಿ ನಿಂತಿದ್ದೆ, ಎಲ್ಲ ಹೇಳಲು ಶುರುಮಾಡಿದೆ. "ಅದ್ಯಾವುದೂ ಫೋಟೊದಲ್ಲಿ ಕಾಣ್ತಿಲ್ವಲ್ಲಪ್ಪ" ಅಂದರು. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ಫ್ರೇಮಿನ ತುಂಬಾ ಕಡು ಹಸಿರು ಎಲೆ. ಕ್ಯಾಮೆರಾ ಅದನ್ನು ನೋಡಿ ಬೆಳಕು ಕಡಿಮೆ ಇದೆ ಅಂದುಕೊಂಡು ಎಕ್ಸ್‌ಪೋಷರ್, ಅಂದರೆ ಫೋಟೊಗೆ ತಗೊಳ್ಳುವ ಬೆಳಕನ್ನು ಏರಿಸುತ್ತದೆ. ಮಧ್ಯೆ ಕೂತ ಬಿಳಿ ಹಕ್ಕಿಯ ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಮುಂದಿನ ವಾರ, ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವೇ ಏರಿಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ 1ಕ್ಕೆ ಇಳಿಸಿ ತೆಗೆದೆ. ಗರಿ ಗರಿಯೂ ಕಂಡಿತು. ಬಾಲದ ಹತ್ತಿರ ಗುಲಾಬಿ ಬಣ್ಣ ಇದೆ ಅಂತ ನನ್ನ ಫೋಟೊದಲ್ಲಿ ಗೊತ್ತಾದದ್ದೇ ಆವತ್ತು.

ಅಲ್ಲಿಂದ ನಾಲ್ಕೈದು ಜನ ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಫೋಟೊ ಹರಡಿಕೊಂಡು ಕೂರುವ ಅಭ್ಯಾಸವಾಯಿತು. ಮೊಬೈಲ್ ತೋರಿಸುವ ಹಾಗಿಲ್ಲ, ಪ್ರಿಂಟ್ ತರಬೇಕು. ಮೊಬೈಲಿನ ಬೆಳಕಿನಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಅಲ್ವಾ? ಇನ್ನೊಂದು, ಎಲ್ಲರೂ ಮಾತಾಡಿ ಮುಗಿಸುವವರೆಗೆ ಫೋಟೊ ತೆಗೆದವರು ಬಾಯಿ ಬಿಡಬಾರದು. ಇದು ತುಂಬಾ ಕಷ್ಟ. ನಾನು ಈಗಲೂ ಟೀ ಲೋಟ ಬಾಯಿಗೆ ಹಿಡಿದೇ ಕೂರುತ್ತೇನೆ.

ಹೇಳುವವರು ಚೆನ್ನಾಗಿದೆ, ಚೆನ್ನಾಗಿಲ್ಲ ಅಂದರೆ ಸಾಲದು. ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ಹೇಳಬೇಕು. ಜಾತ್ರೆಯಲ್ಲಿ ನಗುವ ಮಗುವಿನ ಫೋಟೊ ಇಟ್ಟಿದ್ದೆ. ಮೂವರೂ ಹಿಂದಿನ ಕೆಂಪು ಪ್ಲಾಸ್ಟಿಕ್ ಬಿಂದಿಗೆ ನೋಡಿದ್ದರು. ನನಗೆ ಆ ಬಿಂದಿಗೆ ಇದ್ದದ್ದೇ ಗೊತ್ತಿರಲಿಲ್ಲ!

ಹಾಗಂತ ಹೇಳಿದ್ದೆಲ್ಲ ಸರಿ ಅಂತ ಅಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ತೆಗೆದ ಕೃಷ್ಣಮೃಗ ಮಸುಕಾಗಿತ್ತು. ಕೈ ಅಲುಗಿದೆ ಅಂದರು ಎಲ್ಲರೂ. ಮನೆಗೆ ಬಂದು ನೋಡಿದರೆ ಶಟರ್ ವೇಗ 1/2000 ಇತ್ತು, ಅಂದರೆ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಆ ವೇಗದಲ್ಲಿ ಕೈ ಅಲುಗಿ ಅಷ್ಟು ಮಸುಕಾಗುವುದಿಲ್ಲ. ಫೋಟೊ ತೆಗೆದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಕಾದ ನೆಲದಿಂದ ಏಳುವ ಬಿಸಿಗಾಳಿ ದೂರದ ಜಿಂಕೆಯನ್ನು ನೀರಿನಲ್ಲಿ ಕಂಡ ಹಾಗೆ ನಡುಗಿಸಿತ್ತು. ನೋವು ಎಲ್ಲಿ ಅಂತ ಸ್ನೇಹಿತರು ಸರಿಯಾಗಿ ಹೇಳಿದ್ದರು, ಕಾಯಿಲೆಯ ಹೆಸರು ಮಾತ್ರ ತಪ್ಪಿತ್ತು. ಈಗ ಬಿಸಿಲೇರುವ ಮುಂಚೆಯೇ ಹೋಗುತ್ತೇನೆ, ಆದಷ್ಟು ಹತ್ತಿರದ್ದನ್ನೇ ತೆಗೆಯುತ್ತೇನೆ. ಯಾರು ಏನು ಹೇಳಿದರು ಅಂತ ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದೂ ಆವತ್ತಿನಿಂದಲೇ.

ಬೇರೆಯವರ ಫೋಟೊ ಬಗ್ಗೆ ಹೇಳುವುದರಲ್ಲಿ ನಾನು ಮಹಾ ದಡ್ಡನಾಗಿದ್ದೆ. ಕಾಲೇಜು ಹುಡುಗನೊಬ್ಬ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿಯ ಫೋಟೊ ತಂದಿದ್ದ. ವಾಲಿದೆ, ಹಿಂದೆ ಕಂಬ ಇದೆ, ನೆರಳು ಜಾಸ್ತಿ ಅಂತ ಏಳು ತಪ್ಪು ಎಣಿಸಿಕೊಟ್ಟೆ. "ಹೂಂ ಸಾರ್, ಹೂಂ ಸಾರ್" ಅಂದ. ಮುಂದಿನ ಎರಡು ಭಾನುವಾರ ಬರಲೇ ಇಲ್ಲ. ಯಜಮಾನರು ನನ್ನ ಮುಖ ನೋಡಿದರೇ ಹೊರತು ಏನೂ ಅನ್ನಲಿಲ್ಲ. ನಾನೇ ಫೋನ್ ಮಾಡಿ, ತಪ್ಪಾಯ್ತಪ್ಪ ಬಾ ಅಂತ ಕರೆದೆ.

ಈ ಸಲ ಒಂದೇ ಪ್ರಶ್ನೆ ಕೇಳಿದೆ. "ನೀನು ಏನು ತೋರಿಸೋಕೆ ಹೋಗಿದ್ದೆ?"

"ಅಜ್ಜಿ ಕೈ ಸಾರ್. ನೋಡದೇನೇ ಗಂಟು ಹಾಕ್ತಿತ್ತು."

ಫೋಟೊದಲ್ಲಿ ಕೈ ಮೂಲೆಯಲ್ಲಿ ಹೆಬ್ಬೆರಳಿನಷ್ಟಿತ್ತು. ಅವನೇ ನೋಡಿ "ಹತ್ತಿರ ಹೋಗಬೇಕಿತ್ತು" ಅಂದ. ವಾಲಿದ್ದನ್ನು ಮನೆಯಲ್ಲಿ ಕೂತು ಸರಿಮಾಡಬಹುದು. ಹತ್ತಿರ ಹೋಗಲು ಮಾತ್ರ ಮತ್ತೆ ಮಾರುಕಟ್ಟೆಗೇ ಹೋಗಬೇಕು. ನಾನು ಎಣಿಸಿದ ಏಳರಲ್ಲಿ ಅದೊಂದೇ ಇರಲಿಲ್ಲ.

ಹೋಗಿ ಅಜ್ಜಿಯನ್ನು ಕೇಳಿದನಂತೆ. "ಹೂವು ತಗೊಂಡ್ರೆ ತೆಗಿ" ಅಂದಳಂತೆ. ಎರಡು ಮೊಳ ಸೇವಂತಿಗೆ ಕೊಂಡು, ಅಲ್ಲೇ ಕುಕ್ಕರಗಾಲಲ್ಲಿ ಕೂತು ತೆಗೆದು ತಂದ. ಯಜಮಾನರು ಪ್ರಿಂಟನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

"ಎಡಗೈ ಕಿರುಬೆರಳು ಯಾಕಯ್ಯ ಕತ್ತರಿಸಿದೆ?"

ಹುಡುಗ ಲೋಟ ಕೆಳಗಿಟ್ಟು, ಜೇಬಿನಿಂದ ಪುಸ್ತಕ ತೆಗೆದ.