ಎಂಎಸ್ ಮತ್ತು ಮರೆವು: ಮನೆಯವರು ಹೇಗೆ ನೆರವಾಗಬೇಕು?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದ್ದವರಲ್ಲಿ ನರತಂತುಗಳ ಮೈಲಿನ್ ಹೊದಿಕೆ ಸವೆದು ಮಿದುಳಿನ ಸಂದೇಶಗಳು ನಿಧಾನವಾಗುತ್ತವೆ. ಸುಮಾರು ಅರ್ಧದಷ್ಟು ಮಂದಿಗೆ ಯೋಚನೆ, ನೆನಪಿನ ತೊಂದರೆಯೂ ಇರುತ್ತದೆ. ಸಾಮಾನ್ಯವಾಗಿ ಮೊದಲು ಕುಗ್ಗುವುದು ಗ್ರಹಿಸುವ ವೇಗ. ಹೇಳಿದ್ದು ಒಳಗಿಳಿಯುವ ಮೊದಲೇ ಇನ್ನೊಂದು ಮಾತು ಬಿದ್ದರೆ ಮೊದಲಿನದು ನೆನಪಿಗೆ ಸೇರುವುದೇ ಇಲ್ಲ. ಅವರನ್ನು ಗದರಬೇಡಿ, ಅದು ಅಲಕ್ಷ್ಯವಲ್ಲ.

ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಮೊದಲ ಕೆಲಸ ಮೈ ತಂಪಾಗಿಡುವುದು. ಮೈಬಿಸಿ ಅರ್ಧ ಡಿಗ್ರಿ ಏರಿದರೂ ಹೊದಿಕೆ ಸವೆದ ನರ ಇನ್ನಷ್ಟು ತಡವರಿಸುತ್ತದೆ. ಬ್ಯಾಂಕು, ಲೆಕ್ಕ, ಅರ್ಜಿಯ ಕೆಲಸಗಳನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ಮುಗಿಸಿ. ಮಧ್ಯಾಹ್ನ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ಬೇರೆಯವರು ವಹಿಸಿಕೊಳ್ಳಲಿ. ಕೂಲರ್ ಹಾಕಿದಾಗ ಕಿಟಕಿ ತೆರೆದಿರಲಿ, ಮುಚ್ಚಿದರೆ ತೇವ ತುಂಬಿ ತಂಪಾಗದು. ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ. ಸ್ಪರ್ಶ ಕಡಿಮೆಯಾದ ಚರ್ಮಕ್ಕೆ ಮಂಜುಗಡ್ಡೆ ನೇರವಾಗಿ ಒತ್ತಬೇಡಿ. ಮೈ ತಂಪಾದರೆ ಈ ತೊಂದರೆ ಇಳಿಯುತ್ತದೆ, ಹೊಸ ಹಾನಿ ಉಳಿಯುವುದಿಲ್ಲ.

ಮಾತಾಡುವಾಗ ಟಿವಿ ಆರಿಸಿ, ಹೆಸರು ಕರೆದು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಉತ್ತರಕ್ಕೆ ಹತ್ತು ಸೆಕೆಂಡ್ ಕಾಯಿರಿ. ಪದ ಸಿಗದಿದ್ದರೆ ಅವರು ಕೇಳುವವರೆಗೆ ನೀವು ತುಂಬಬೇಡಿ. ಮುಖ್ಯವಾದದ್ದನ್ನು ಅವರ ಬಾಯಿಂದಲೇ ಹೇಳಿಸಿ. ಐದು ನಿಮಿಷ, ಆಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ.

ಬರೆದಿಡಲು ಒಂದೇ ನೋಟ್‌ಬುಕ್, ಅದಕ್ಕೊಂದೇ ಜಾಗ. ಚೀಟಿ, ಗೋಡೆ ಕ್ಯಾಲೆಂಡರ್, ಫೋನು ಎಂದು ಹಂಚಿದರೆ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಅಲಾರಂ ನಿಲ್ಲಿಸಿದ ಕೂಡಲೇ ಕೆಲಸ ಮರೆಯುವುದು ಸಾಮಾನ್ಯ. ಕೆಲಸ ಮುಗಿಸಿಯೇ ನಿಲ್ಲಿಸುವ ರೂಢಿ ಮಾಡಿಸಿ. ಏಳು ಖಾನೆಯ ಮಾತ್ರೆ ಡಬ್ಬಿ ಇದ್ದರೆ ಎರಡು ಸಲ ನುಂಗುವ ಅಪಾಯ ಕಡಿಮೆಯಾಗುತ್ತದೆ.

ಶೌಚಾಲಯಕ್ಕೆ ಪದೇಪದೇ ಓಡಬೇಕೆಂದು ಹಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದರಿಂದ ಮೂತ್ರದ ಸೋಂಕಾಗಿ ಮಂಕು ಹೆಚ್ಚಬಹುದು. ದಿಢೀರನೆ ಮಂಕಾದರೆ ಮೊದಲು ಜ್ವರ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ. ಜ್ವರ, ಸೋಂಕು ಇಲ್ಲದೆ ಹೊಸ ಲಕ್ಷಣ 24 ಗಂಟೆ ಮೀರಿದರೆ ನರರೋಗ ತಜ್ಞರನ್ನು ಕಾಣಿ. ಮೂತ್ರಕೋಶಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ನೆನಪು ಮಸುಕಾಗಿಸಬಹುದು. ತಾವಾಗಿ ನಿಲ್ಲಿಸದೆ ಬದಲಿ ಔಷಧ ಕೇಳಿ. ನಿದ್ರೆ, ಖಿನ್ನತೆ, ಥೈರಾಯ್ಡ್, ಬಿ12 ಕೊರತೆಯ ತಪಾಸಣೆಯೂ ಆಗಲಿ.