ಆಕ್ಟೇವಿಯಾ ಆರ್‌ಎಸ್‌ಗೆ ಹೊಸ ಬ್ಯಾಟರಿ: ಪುಣೆಯಲ್ಲಿ ನಾನು ಆರಿಸಿದ ಬಗೆ

ನನ್ನದು 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಎಚ್‌ಪಿ, ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ವಾರದ ದಿನಗಳಲ್ಲಿ ಹಿಂಜವಡಿಗೆ ಕಂಪನಿ ಬಸ್ಸಲ್ಲಿ ಹೋಗ್ತೀನಿ, ಹತ್ತಿರದ ಕೆಲಸಕ್ಕೆ ಸ್ಕೂಟರ್ ಇದೆ. ಹೀಗಾಗಿ ಕಾರು ಕೋಥ್ರುಡ್‌ನ ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಸುಮ್ನೆ ನಿಂತಿರುತ್ತದೆ. ಭಾನುವಾರ ಬೆಳಗ್ಗೆ ಮುಳಶಿ ದಾಟಿ ತಾಮ್ಹಿಣಿ ಘಾಟಿನ ಕಡೆ ಒಂದು ಸುತ್ತು, ಹಬ್ಬಕ್ಕೆ ಹುಬ್ಬಳ್ಳಿ. ಅಷ್ಟೇ ಅದರ ಓಡಾಟ. ಬ್ಯಾಟರಿ ಆರಿಸುವಾಗ ಆ 230 ಎಚ್‌ಪಿಗಿಂತ ಈ ನಿಂತಿರುವ ವಿಷಯವೇ ದೊಡ್ಡದು.

ಹಳೇ ಕಾರುಗಳಲ್ಲಿ ಬ್ಯಾಟರಿ ಕೈಕೊಡುವ ಮೊದಲು ಸ್ಟಾರ್ಟರ್ ನರಳುತ್ತಿತ್ತು, ನಮಗೂ ತಿಳಿಯುತ್ತಿತ್ತು. ಈ ಕಾರು ಹಾಗಲ್ಲ. ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು, ಆದರೆ ಮೀಟರ್ ತುಂಬ ದೀಪಗಳು. ಒಂದು ದಿನ ಸ್ಟೀರಿಂಗ್ ದೀಪ, ಇನ್ನೊಂದು ದಿನ ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ), ಮತ್ತೊಂದು ದಿನ ಟೈರ್ ಪ್ರೆಶರ್. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಲ್ಲಾ ಮಾಯ. ಕೊನೆಗೆ ಗೇರ್‌ಬಾಕ್ಸ್ ಎಚ್ಚರಿಕೆಯೂ ಬಂತು. ಊರಿನ ಒಂದು ವರ್ಕ್‌ಶಾಪ್‌ನವರು ಮೆಕಾಟ್ರಾನಿಕ್ಸ್, ಅಂದರೆ ಗೇರ್‌ಬಾಕ್ಸ್ ನಡೆಸುವ ಘಟಕವನ್ನೇ ಬಿಚ್ಚಿ ನೋಡೋಣ ಅಂದರು. ಅದಕ್ಕೆ ಎಷ್ಟಾಗಬಹುದು ಅಂತ ಕೇಳಿದ ಮೇಲೆ, ಮೊದಲು ವೋಲ್ಟೇಜ್ ನೋಡೋಣ ಅಂತ ಕಾರು ವಾಪಸ್ ತಂದೆ. ಈ ಕಾರುಗಳಲ್ಲಿ ಹತ್ತಾರು ಕಂಟ್ರೋಲ್ ಮಾಡ್ಯೂಲ್ ಇರುತ್ತವೆ. ಕ್ರ್ಯಾಂಕ್ ಮಾಡುವ, ಅಂದರೆ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುವ ಆ ಅರೆಗಳಿಗೆಯಲ್ಲಿ ವೋಲ್ಟೇಜ್ ಜಾಸ್ತಿ ಕುಸಿದರೆ ಒಂದೊಂದೂ ತನ್ನದೇ ತಕರಾರು ಬರೆದಿಡುತ್ತದೆ. ದೀಪ ಗೇರ್‌ಬಾಕ್ಸಿನದ್ದು ಅಂತ ಕಾಯಿಲೆಯೂ ಗೇರ್‌ಬಾಕ್ಸಿನದ್ದೇ ಆಗಬೇಕಿಲ್ಲ.

ಅಳೆಯುವುದಕ್ಕೆ ಸಾದಾ ಮಲ್ಟಿಮೀಟರ್ ಸಾಕು. ಆದರೆ ಯಾವಾಗ ಅಳೆಯುತ್ತೀರಿ ಅನ್ನೋದು ಮುಖ್ಯ. ಗಾಡಿ ನಿಲ್ಲಿಸಿದ ತಕ್ಷಣ ನೋಡಿದರೆ ಲೆಕ್ಕ ಸುಳ್ಳು. ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ನೋಡಬೇಕು. ಬಾಗಿಲು ತೆರೆದರೂ ಕಾರು ಎಚ್ಚರವಾಗುತ್ತದೆ. ಅದಕ್ಕೆ ನಾನು ಹಿಂದಿನ ರಾತ್ರಿಯೇ ಬಾನೆಟ್ ಎತ್ತಿ, ಅದರ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕ್ಲಿಕ್ ಅನ್ನಿಸಿದೆ. ಬಾನೆಟ್ ಮುಚ್ಚಿದೆ ಅಂದುಕೊಂಡು ಕಾರು ನಿದ್ದೆಗೆ ಹೋಯಿತು. (ಅಳತೆ ಮುಗಿದ ಮೇಲೆ ಬಾನೆಟ್ ಲಿವರ್ ಎಳೆದು ಆ ಲ್ಯಾಚ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಬಾನೆಟ್ ಮುಚ್ಚುವುದಿಲ್ಲ.) ಚೆನ್ನಾಗಿರುವ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ಅಥವಾ ಅದರ ಮೇಲೆ ತೋರಿಸಬೇಕು. 12.4 ಅಂದರೆ ಮುಕ್ಕಾಲು ಪಾಲು. 12 ಅಂದರೆ ಹೆಚ್ಚುಕಮ್ಮಿ ತಳ. ನನ್ನದು 12.1ರ ಆಸುಪಾಸು ಇತ್ತು. ಕ್ರ್ಯಾಂಕ್ ಮಾಡುವಾಗ ಮೀಟರ್ 9ಕ್ಕೆ ಇಳಿದು ಮೇಲೆದ್ದಿತು. 9.6ರ ಕೆಳಗೆ ಹೋಗಬಾರದು ಅನ್ನೋದು ಮೆಕ್ಯಾನಿಕ್‌ಗಳ ವಾಡಿಕೆ.

ಇಲ್ಲಿಗೆ ಬ್ಯಾಟರಿ ಹೋಗಿದೆ ಅಂತ ಖಚಿತವಾಯಿತು. ಆದರೆ ಯಾಕೆ ಹೋಯಿತು ಅಂತ ನೋಡದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ ಅಲ್ವಾ? ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಜೋಡಿಸಿದೆ. ಹೀಗೆ ಜೋಡಿಸಿದಾಗ ಅಪ್ಪಿತಪ್ಪಿಯೂ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಎಲ್ಲಾ ಮಾಡ್ಯೂಲ್ ಮಲಗುವುದಕ್ಕೆ ಅರ್ಧ ಗಂಟೆಯಾದರೂ ಬಿಡಬೇಕು. ಆಮೇಲೆ 50 ಮಿಲಿಆಂಪಿಯರ್‌ಗಿಂತ ಕಡಿಮೆ ಇರಬೇಕು. ನನ್ನ ಮೀಟರ್ ಕಾಲು ಆಂಪಿಯರ್‌ನಿಂದ ಕೆಳಗೆ ಇಳಿಯಲೇ ಇಲ್ಲ. ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋದಾಗ ಸಿಕ್ಕಿದ್ದು ಹಿಂದಿನ ಮಾಲೀಕರು ಹಾಕಿಸಿದ್ದ ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ ಹಗಲೂ ರಾತ್ರಿ ನಮ್ಮ ಸೊಸೈಟಿಯ ಕಂಬವನ್ನು ರೆಕಾರ್ಡ್ ಮಾಡುತ್ತಾ ಕೂತಿತ್ತು!

ಲೆಕ್ಕ ಹಾಕಿ. ಕಾಲು ಆಂಪಿಯರ್ ಅಂದರೆ ದಿನಕ್ಕೆ 6 ಆಂಪಿಯರ್-ಅವರ್. ಸೋಮವಾರದಿಂದ ಶುಕ್ರವಾರಕ್ಕೆ 30. ನನ್ನ ಬ್ಯಾಟರಿಯ ಒಟ್ಟು ಸಾಮರ್ಥ್ಯ 69. ಅಂದರೆ ಪ್ರತಿ ವಾರ ಹತ್ತಿರ ಹತ್ತಿರ ಅರ್ಧ ಖಾಲಿ. ಭಾನುವಾರದ ಒಂದು ಸುತ್ತಿಗೆ ಅದು ತುಂಬುವುದಿಲ್ಲ, ಯಾಕಂದರೆ ಲೆಡ್ ಆಸಿಡ್ ಬ್ಯಾಟರಿ ಕೊನೆಯ 20 ಶೇಕಡ ಚಾರ್ಜ್ ತಗೊಳ್ಳುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರೆಹೊಟ್ಟೆಯಲ್ಲೇ ದಿನ ದೂಡಿದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಡ್ಯಾಶ್‌ಕ್ಯಾಮ್‌ನ ವೈರಿಂಗ್ ಕಿಟ್‌ನಲ್ಲಿ ವೋಲ್ಟೇಜ್ ಇಳಿದಾಗ ಕಟ್ ಆಗುವ ಸ್ವಿಚ್ ಇತ್ತು, ಆದರೆ ಅದನ್ನು ಎಲ್ಲಕ್ಕಿಂತ ಕೆಳಗಿನ ಸೆಟ್ಟಿಂಗ್‌ನಲ್ಲಿ ಇಟ್ಟಿದ್ದರು. ಪಾರ್ಕಿಂಗ್ ಮೋಡನ್ನೇ ತೆಗೆಸಿಬಿಟ್ಟೆ.

ಈಗ ಆಯ್ಕೆ. ಮೊದಲು ಹಳೇ ಬ್ಯಾಟರಿಯ ಲೇಬಲ್ ಒರೆಸಿ ಓದಿದೆ. 12 ವೋಲ್ಟ್, 69 ಎಎಚ್ (ಆಂಪಿಯರ್-ಅವರ್), 360 ಆಂಪಿಯರ್ ಡಿಐಎನ್, 680 ಆಂಪಿಯರ್ ಇಎನ್, ಮೂಲೆಯಲ್ಲಿ ಇಎಫ್‌ಬಿ (ಇದು ಬ್ಯಾಟರಿಯ ಬಗೆ, ಮುಂದೆ ಹೇಳುತ್ತೇನೆ). ಎರಡು ಆಂಪಿಯರ್ ಅಂಕಿ ಯಾಕೆ? ಎರಡೂ ಅದೇ ಬ್ಯಾಟರಿಯ ಕೋಲ್ಡ್ ಕ್ರ್ಯಾಂಕಿಂಗ್ ಶಕ್ತಿ, ಅಂದರೆ ಸಿಸಿಎ. ಮೈನಸ್ 18 ಡಿಗ್ರಿಯಲ್ಲೇ ಎರಡೂ ಪರೀಕ್ಷೆ ನಡೆಯುತ್ತವೆ, ನಿಯಮ ಬೇರೆ: ಡಿಐಎನ್ ಜರ್ಮನಿಯ ಸ್ಟ್ಯಾಂಡರ್ಡ್, ಇಎನ್ ಯುರೋಪಿನದ್ದು. ಡಿಐಎನ್ ಅಂಕಿ ಯಾವಾಗಲೂ ಕಡಿಮೆ ಕಾಣುತ್ತದೆ. ಅಂಗಡಿಯಲ್ಲಿ ಎರಡು ಬ್ಯಾಟರಿ ಹೋಲಿಸುವಾಗ ಒಂದರ ಡಿಐಎನ್ ಅನ್ನು ಇನ್ನೊಂದರ ಇಎನ್ ಜೊತೆ ಹೋಲಿಸಬೇಡಿ.

ಇದು ಬರೀ ಪುಸ್ತಕದ ಮಾತಲ್ಲ. ಒಂದು ಅಂಗಡಿಯಲ್ಲಿ ನನ್ನ ಹಳೇ ಬ್ಯಾಟರಿಗೆ ಟೆಸ್ಟರ್ ಹಚ್ಚಿದ ಹುಡುಗ ಲೇಬಲ್ ಮೇಲೆ ಮೊದಲು ಕಂಡ 360 ಅನ್ನು ಒತ್ತಿದ, ಸ್ಟ್ಯಾಂಡರ್ಡ್ ಮಾತ್ರ ಇಎನ್ ಇತ್ತು. ಮಷೀನು ಬ್ಯಾಟರಿ ಚೆನ್ನಾಗಿದೆ ಅಂತ ಚೀಟಿ ಉಗುಳಿತು. 680 ಹಾಕಿ ಇನ್ನೊಮ್ಮೆ ನೋಡು ತಮ್ಮಾ ಅಂದೆ. ಈ ಸಲ ಬದಲಿಸಿ ಅಂತ ಬಂತು. ಅದೇ ಬ್ಯಾಟರಿ, ಅದೇ ಕ್ಲಿಪ್ಪು, ಎರಡು ತೀರ್ಪು.

ಕಾರಿನ ಗೆಳೆಯರ ಸಲಹೆಗಳು ಮೂರು ತರ ಬಂದವು. ಮೊದಲನೆಯದು ಲಿಥಿಯಂ. ಪೋರ್ಶೆ ಕಂಪನಿ 2010ರ ಹೊತ್ತಿಗೆ 911 ಜಿಟಿ3, ಬಾಕ್ಸ್‌ಟರ್ ಸ್ಪೈಡರ್‌ಗಳಿಗೆ ಆರು ಕೆಜಿಗಿಂತ ಹಗುರಾದ ಲಿಥಿಯಂ ಸ್ಟಾರ್ಟರ್ ಬ್ಯಾಟರಿಯನ್ನು ಐಚ್ಛಿಕವಾಗಿ ಕೊಡಲು ಶುರು ಮಾಡಿತು. ಹತ್ತು ಕೆಜಿಗೂ ಜಾಸ್ತಿ ಉಳಿತಾಯ. ಆದರೆ ಚಳಿಗಾಲಕ್ಕೆ ಅಂತ ಮಾಮೂಲಿ ಲೆಡ್ ಬ್ಯಾಟರಿಯನ್ನೂ ಜೊತೆಗೆ ಕೊಡುತ್ತಿದ್ದರು. ಟ್ರ್ಯಾಕಿಗೇ ಅಂತ ಕಟ್ಟಿದ ಕಾರಿಗೆ ಅದು ಸರಿ. ನನ್ನದು ಸಾವಿರದ ನಾನೂರು ಕೆಜಿಯ ಆಚೆ ಇರುವ, ಡಿಕ್ಕಿಯಲ್ಲಿ ಅಮ್ಮನ ಅಕ್ಕಿ ಮೂಟೆ ಹೊತ್ತು ತರುವ ಕಾರು. 20 ಲೀಟರ್ ಪೆಟ್ರೋಲ್ ಕಡಿಮೆ ಹಾಕಿಸಿದರೆ 15 ಕೆಜಿ ಪುಕ್ಕಟೆಯಾಗಿ ಇಳಿಯುತ್ತದೆ. ಮೇಲಾಗಿ ಟರ್ಬೊ ಎಂಜಿನ್ ಪಕ್ಕದ ಬಿಸಿಗೆ ಲಿಥಿಯಂ ಹೇಳಿ ಮಾಡಿಸಿದ್ದಲ್ಲ. ಒಳಗಿನ ರಕ್ಷಣಾ ಸರ್ಕ್ಯೂಟ್ ಮಧ್ಯದಲ್ಲಿ ಕಟ್ ಮಾಡಿದರೆ ಘಾಟಿನಲ್ಲಿ ಏನು ಮಾಡುವುದು? ಬಿಟ್ಟೆ.

ಎರಡನೆಯದು, ದೊಡ್ಡದು ಹಾಕು, 80 ಎಎಚ್. ಅದರ ಉದ್ದ 315 ಮಿಲಿಮೀಟರ್. ನನ್ನ ಟ್ರೇಯಲ್ಲಿ ಕೂರುವುದು 278. ಅಲ್ಲಿಗೆ ಮಾತು ಮುಗಿಯಿತು.

ಮೂರನೆಯದರ ಮೇಲೆ ನಿಜವಾಗಿ ತಲೆ ಕೆಡಿಸಿಕೊಂಡೆ. ಎಜಿಎಂ ಹಾಕಬೇಕಾ, ಇಎಫ್‌ಬಿಯೇ ಸಾಕಾ? ಇಎಫ್‌ಬಿ ಅಂದರೆ ಗಟ್ಟಿ ಮಾಡಿದ ಮಾಮೂಲಿ ಬ್ಯಾಟರಿ. ಆಸಿಡ್ ದ್ರವವಾಗಿಯೇ ಇರುತ್ತದೆ, ಪ್ಲೇಟಿನ ಮೇಲೆ ಪಾಲಿಯೆಸ್ಟರ್ ಹೊದಿಕೆ ಇರುತ್ತದೆ. ಎಜಿಎಂನಲ್ಲಿ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಇದೇ ಅಳತೆಯಲ್ಲಿ 70 ಎಎಚ್, 760 ಆಂಪಿಯರ್ ಇಎನ್ ಇರುವ ಎಜಿಎಂ ಸಿಗುತ್ತದೆ. ಖಾಲಿಯಾಗಿ ತುಂಬುವ ಆಟವನ್ನು ಎಜಿಎಂ ಜಾಸ್ತಿ ತಾಳುತ್ತದೆ. ನಿಯಮವೂ ಸರಳ: ಎಜಿಎಂ ಇದ್ದ ಕಾರಿಗೆ ಎಜಿಎಂನ್ನೇ ಹಾಕಬೇಕು, ಇಎಫ್‌ಬಿ ಇದ್ದಲ್ಲಿ ಎರಡರಲ್ಲಿ ಯಾವುದಾದರೂ ಆದೀತು. ಹಾಗಾದರೆ ದುಡ್ಡು ಬಿಚ್ಚಿ ಎಜಿಎಂ ಹಾಕಿಬಿಡಬಾರದಾ?

ನನ್ನನ್ನು ತಡೆದದ್ದು ಬಿಸಿ. ಎಜಿಎಂಗೆ ಸುತ್ತಲಿನ ಕಾವು ಅಷ್ಟಾಗಿ ಆಗಿಬರುವುದಿಲ್ಲ. ಬಹುತೇಕ ಬಿಎಂಡಬ್ಲ್ಯು ಕಾರುಗಳಲ್ಲಿ ಅದು ಡಿಕ್ಕಿಯಲ್ಲಿ ತಂಪಾಗಿ ಕೂತಿರುತ್ತದೆ. ನನ್ನ ಕಾರಿನಲ್ಲಿ ಬ್ಯಾಟರಿ ಎಂಜಿನ್ ಪಕ್ಕದಲ್ಲೇ ಇದೆ. ಪುಣೆಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ಚಾಂದಣಿ ಚೌಕದ ಟ್ರಾಫಿಕ್, ಬಾನೆಟ್ ಕೆಳಗಿನ ಕಾವು ಎಷ್ಟಿರಬಹುದು ಊಹಿಸಿ. ಕಾವು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಅನ್ನೋದು ಹಳೇ ಲೆಕ್ಕ. ಇನ್ನು 760 ಆಂಪಿಯರ್‌ನ ಆಸೆ? ಅದು ಮೈನಸ್ 18 ಡಿಗ್ರಿಯ ಲೆಕ್ಕ. ಪುಣೆಯಲ್ಲಿ ಡಿಸೆಂಬರ್ ಬೆಳಗ್ಗೆ 8, 9 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ. 680 ಧಾರಾಳವಾಯಿತು. ಡಿಕ್ಕಿಯಲ್ಲಿ ಬ್ಯಾಟರಿ ಇದ್ದಿದ್ದರೆ ಎರಡು ಮಾತಿಲ್ಲದೆ ಎಜಿಎಂ ತರುತ್ತಿದ್ದೆ. ಇಲ್ಲಿ ಅದೇ ಅಳತೆಯ, ಅದೇ ಶಕ್ತಿಯ ಇಎಫ್‌ಬಿ ತಂದು, ಉಳಿದ ದುಡ್ಡಿಗೆ ಒಳ್ಳೇ ಸ್ಮಾರ್ಟ್ ಚಾರ್ಜರ್ ಕೊಳ್ಳುವುದು ಅಂತ ತೀರ್ಮಾನಿಸಿದೆ. ನನ್ನ ಕಾರಿನ ಸಮಸ್ಯೆ ಕ್ರ್ಯಾಂಕಿಂಗ್ ಅಲ್ಲ, ನಿಂತಿರುವುದು ತಾನೇ?

ಡಿಐಎನ್ ಅಳತೆಯ ಮಾಮೂಲಿ ಬ್ಯಾಟರಿ ಇನ್ನೂ ಅಗ್ಗ, ಪುಣೆಯ ಮೂಲೆಮೂಲೆಯಲ್ಲೂ ಸಿಗುತ್ತದೆ. ಅದು ಬೇಡ ಅಂದದ್ದಕ್ಕೆ ಕಾರಣ ಆಲ್ಟರ್ನೇಟರ್. ಈ ಕಾರಿನ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಡಬ್ಬಿ ಇದೆ. ಬ್ರೇಕ್ ಹಿಡಿದಾಗ, ಆಕ್ಸಿಲರೇಟರ್ ಬಿಟ್ಟಾಗ ಜೋರಾಗಿ ಚಾರ್ಜ್ ಮಾಡಲಿ ಅಂತ ಕಾರು ಬೇಕೆಂದೇ ಬ್ಯಾಟರಿಯಲ್ಲಿ ಸ್ವಲ್ಪ ಜಾಗ ಖಾಲಿ ಇಡುತ್ತದೆ. ಹೀಗೆ ಸದಾ ಅರೆತುಂಬಿದ ಸ್ಥಿತಿಯಲ್ಲಿ ಬಾಳುವುದಕ್ಕೇ ಇಎಫ್‌ಬಿ ಮಾಡಿರುವುದು.

ಕೊಳ್ಳುವುದಕ್ಕೆ ನಾನಾ ಪೇಟೆಗೆ ಹೋದೆ. ಪುಣೆಯಲ್ಲಿ ಗಾಡಿ ಸಾಮಾನು ಅಂದರೆ ಅದೇ ಮಾರ್ಕೆಟ್ಟು. ಮೊದಲು ಹೊಕ್ಕ ಅಂಗಡಿಯಲ್ಲಿ ನನಗೆ ಬೇಕಾದ್ದೇ ಇತ್ತು, ರಿಯಾಯಿತಿ ಬೇರೆ. ಧೂಳು ಒರೆಸಿ ತಾರೀಖಿನ ಕೋಡ್ ನೋಡಿದರೆ ತಯಾರಾಗಿ ಒಂದು ವರ್ಷ ದಾಟಿತ್ತು. ಮೀಟರ್ ಹಚ್ಚಿದೆ, 12.3. ಶೆಲ್ಫ್ ಮೇಲೆ ಕೂತೇ ಕಾಲುಭಾಗಕ್ಕೂ ಜಾಸ್ತಿ ಖಾಲಿಯಾದ ಮಾಲು. ನಾಲ್ಕು ಅಂಗಡಿ ಆಚೆ ಒಬ್ಬರು ನನ್ನ ಫೋನ್ ಮಾತು ಕೇಳಿ, "ಯಾವ ಊರ‍್ರೀ ಸರ್?" ಅಂದರು. ವಿಜಯಪುರದ ಕಡೆಯವರು. ನನ್ನ ಹಳೇ ಬ್ಯಾಟರಿಯ ಫೋಟೊ ನೋಡಿ, "ಇದು ಈಗ ನಮ್ಮ ಕಡೆ ಇಲ್ರೀ. ಇದ್ದದ್ದು ಕೊಟ್ಟು ಕಳಿಸಂಗಿಲ್ಲ ನಾ. ನಾಕ್ ದಿನ ತಡೀರಿ, ಮುಂಬೈಲಿಂದ ತರಿಸ್ತೀನಿ, ಡೇಟ್ ನೀವ ನೋಡ್ರಿ" ಅಂದರು. ತರಿಸಿದ್ದು ಎರಡು ತಿಂಗಳ ಹಿಂದೆ ತಯಾರಾದದ್ದು, 12.7 ವೋಲ್ಟ್. ಯಾವ ಬ್ರ್ಯಾಂಡ್ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಒಳ್ಳೇ ಬ್ರ್ಯಾಂಡಿನ ಹಳೇ ಮಾಲಿಗಿಂತ ಎರಡನೇ ಸಾಲಿನ ಬ್ರ್ಯಾಂಡಿನ ತಾಜಾ ಮಾಲು ವಾಸಿ. ಪ್ಲಸ್ ಯಾವ ಕಡೆ ಇದೆ, ಬುಡದಲ್ಲಿ ಕ್ಲ್ಯಾಂಪ್ ಹಿಡಿಯುವ ಅಂಚು ಇದೆಯಾ, ಇವೆರಡನ್ನೂ ಅಲ್ಲೇ ನೋಡಿ. ಕೇಬಲ್ ಎಟುಕದಿದ್ದರೆ ಎಳೆದು ಕಟ್ಟುವ ಹಾಗಿಲ್ಲ. ಹಳೆಯದನ್ನು ಅಂಗಡಿಯವರಿಗೇ ಕೊಟ್ಟೆ, ಸೀಸದ ಬೆಲೆ ಬಿಲ್ಲಿನಲ್ಲಿ ಕಳೆದರು.

ಜೋಡಿಸಿದ್ದು ನಾನೇ, ಪಾರ್ಕಿಂಗ್‌ನಲ್ಲಿ. 10ರ ಸ್ಪ್ಯಾನರ್ ಟರ್ಮಿನಲ್‌ಗೆ, ಉದ್ದ ಎಕ್ಸ್‌ಟೆನ್ಶನ್ ಹಾಕಿದ 13ರ ಸಾಕೆಟ್ ಬುಡದ ಕ್ಲ್ಯಾಂಪ್‌ಗೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಬ್ಯಾಟರಿ ಸುತ್ತ ಒಂದು ದಪ್ಪ ಬಟ್ಟೆಯ ಕವಚ ಇರುತ್ತದೆ. ಕೆಲವು ಮೆಕ್ಯಾನಿಕ್‌ಗಳು ಕೊಳೆಯಾಗಿದೆ ಅಂತ ಎಸೆದುಬಿಡುತ್ತಾರೆ. ಎಂಜಿನ್ ಕಾವಿಗೆ ಅಡ್ಡ ಇರುವುದು ಅದೊಂದೇ. ಕೊಡವಿ ಮತ್ತೆ ಹಾಕಿದೆ.

ಸೆನ್ಸರ್ ಡಬ್ಬಿ ಇರುವ ಕಾರಿಗೆ ಹೊಸ ಬ್ಯಾಟರಿ ಬಂದಿದೆ ಅಂತ ಹೇಳಬೇಕು. ಇಲ್ಲದಿದ್ದರೆ ಅದು ಹಳೇ ಮುದಿ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತದೆ. ಗೆಳೆಯನ ಒಬಿಡಿಇಲೆವೆನ್ (ಫೋನಿನಿಂದ ಕಾರಿನ ಮಾಡ್ಯೂಲ್‌ಗಳ ಸೆಟ್ಟಿಂಗ್ ಬದಲಿಸುವ ಸಾಧನ) ತಂದು ಗೇಟ್‌ವೇ ಮಾಡ್ಯೂಲ್‌ಗೆ, ಅಂದರೆ 19ಕ್ಕೆ ಹೋಗಿ, ಸಾಮರ್ಥ್ಯ, ತಂತ್ರಜ್ಞಾನ, ಸೀರಿಯಲ್ ನಂಬರ್ ಬದಲಿಸಿದೆ. ನಿಮ್ಮ ಬ್ಯಾಟರಿ ಕಂಪನಿಯ ಹೆಸರು ಅಲ್ಲಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಸೀರಿಯಲ್‌ನ ಒಂದಂಕಿ ಬದಲಿಸಿದರೂ ಹೊಸದು ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಸ್ಟೀರಿಂಗ್ ದೀಪ ಉರಿಯಿತು, ಎರಡೂ ಕಡೆ ಪೂರ್ತಿ ತಿರುಗಿಸಿ ಸ್ವಲ್ಪ ಓಡಿಸಿದ ಮೇಲೆ ಆರಿತು. ಕಿಟಕಿಗಳ ಸ್ವಿಚ್ಚನ್ನು ಮೇಲಕ್ಕೆ ಎಳೆದು ಹಿಡಿದರೆ ಒಂದೇ ಸಲಕ್ಕೆ ಮುಚ್ಚುವ ಅಭ್ಯಾಸ ವಾಪಸ್ ಬರುತ್ತದೆ. ಗೇರ್‌ಬಾಕ್ಸ್ ಎಚ್ಚರಿಕೆ ಆಮೇಲೆ ಬಂದಿಲ್ಲ.

ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ ಮಾಡಿಸುವವರಿಗೆ ಒಂದು ಮಾತು. ಫೈಲ್ ಬರೆಯುವಾಗ ಇಗ್ನಿಷನ್ ಆನ್ ಇರುತ್ತದೆ, ಎಂಜಿನ್ ಓಡುತ್ತಿರುವುದಿಲ್ಲ. ಮಧ್ಯದಲ್ಲಿ ವೋಲ್ಟೇಜ್ ಬಿದ್ದರೆ ಇಸಿಯು ಸತ್ತಂತೆ. ಬ್ಯಾಟರಿ ಹೊಸದಾದರೂ ಸರಿ, ಪವರ್ ಸಪ್ಲೈ ಹಚ್ಚದೆ ಕೆಲಸಕ್ಕೆ ಕೂರುವ ಟ್ಯೂನರ್ ಹತ್ತಿರ ಕಾರು ಬಿಡಬೇಡಿ.

ಚಾರ್ಜರ್ ತಂದದ್ದಾಯಿತು, ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಸೊಸೈಟಿ ಸೆಕ್ರೆಟರಿ ಕಾಕಾ ಮೊದಲು ಒಪ್ಪಲಿಲ್ಲ, ಎಲೆಕ್ಟ್ರಿಕ್ ಕಾರಿನವರು ಅರ್ಜಿ ಹಾಕಿದ ಮೇಲೆ ನನ್ನದೂ ಅದರ ಜೊತೆ ಪಾಸಾಯಿತು. ನನ್ನ ಮೀಟರಿನಿಂದಲೇ ಲೈನ್ ಎಳೆಸಿದ್ದೇನೆ. ಶುಕ್ರವಾರ ರಾತ್ರಿ ಚಾರ್ಜರಿನ ಪ್ಲಸ್ ಕ್ಲಿಪ್ಪನ್ನು ಬ್ಯಾಟರಿಗೆ, ಮೈನಸ್ ಕ್ಲಿಪ್ಪನ್ನು ಬಾಡಿಯ ಅರ್ಥ್ ಬೋಲ್ಟ್‌ಗೆ ಹಚ್ಚುತ್ತೇನೆ. ಮೈನಸ್ ನೇರ ಬ್ಯಾಟರಿಗೆ ಹಚ್ಚಿದರೆ ಸೆನ್ಸರ್‌ಗೆ ಆ ಚಾರ್ಜ್ ಲೆಕ್ಕಕ್ಕೆ ಸಿಗುವುದಿಲ್ಲ. ಶನಿವಾರ ಬೆಳಗ್ಗೆ ಹಸಿರು ದೀಪ ಬಂದಿರುತ್ತದೆ.