ಸಾಂತಾ ಫೆಗೆ ವಸಂತದಲ್ಲಿ ಹೋಗುವವರಿಗೆ

ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಫೆಗೆ ಹೊರಟಿದ್ದೀರಾ? ಮರುಭೂಮಿ ಅಂದ ತಕ್ಷಣ ಬರೀ ತೆಳು ಬಟ್ಟೆ ತುಂಬಿಕೊಳ್ಳಬೇಡಿ. ಊರು ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಮಧ್ಯಾಹ್ನ ಅರ್ಧ ತೋಳಿನ ಅಂಗಿ ಸಾಕು, ಹೊತ್ತು ಮುಳುಗಿದ್ದೇ ತಡ ಸ್ವೆಟರ್ ಬೇಕು. ಒಮ್ಮೊಮ್ಮೆ ಹಿಮವೂ ಬೀಳುತ್ತದೆ.

ಆದರೆ ಚಳಿಗಿಂತ ಜಾಸ್ತಿ ಕಾಡುವುದು ಗಾಳಿ. ಮಧ್ಯಾಹ್ನ ಬೀಸಲು ಶುರುವಾದರೆ ಕಣ್ಣು, ಬಾಯಿಗೆಲ್ಲ ಧೂಳು. ಜೊತೆಗೆ ಜೂನಿಪರ್ ಮರಗಳ ಪರಾಗ ಬೇರೆ! ಅಲರ್ಜಿ ಇದ್ದವರು ಮಾತ್ರೆ ಮರೆಯಬೇಡಿ. ಬೆಟ್ಟ ಹತ್ತುವುದಿದ್ದರೆ ಬೆಳಗ್ಗೆಯೇ ಮುಗಿಸಿ, ಗಾಳಿ ಹೊತ್ತಿಗೆ ಮ್ಯೂಸಿಯಂ ಸೇರಿಕೊಳ್ಳಿ. ಮೊದಲ ದಿನವಂತೂ ಬೆಟ್ಟ ಹತ್ತುವುದು ಬೇಡ, ಈ ಎತ್ತರಕ್ಕೆ ಏದುಸಿರು ಬರುತ್ತದೆ. ಸುಮ್ನೆ ಊರ ನಡುವಿನ ಚೌಕ ಪ್ಲಾಜಾ ಸುತ್ತ ಅಡ್ಡಾಡಿ, ಬಾಯಾರದಿದ್ದರೂ ನೀರು ಕುಡಿಯುತ್ತಿರಿ. ತುಟಿಗೆ ಹಚ್ಚಲು ವ್ಯಾಸಲೀನ್ ಜೇಬಲ್ಲೇ ಇರಲಿ.

ಪ್ಲಾಜಾ ಪಕ್ಕದ ಪ್ಯಾಲೆಸ್ ಆಫ್ ದಿ ಗವರ್ನರ್ಸ್ ಎಂಬ ಹಳೆಯ ಕಟ್ಟಡದ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಬೆಳ್ಳಿ, ನೀಲಿ ಟರ್ಕಾಯ್ಸ್ ಕಲ್ಲಿನ ಒಡವೆ ಹರಡಿಕೊಂಡು ಕೂತಿರುತ್ತಾರೆ. ಒಡವೆ ಕೊಳ್ಳುವುದಿದ್ದರೆ ಅಲ್ಲೇ ಕೊಳ್ಳಿ, ಮಾಡಿದವರನ್ನೇ ಮಾತಾಡಿಸಬಹುದಲ್ವಾ?

ವಿಮಾನ ಹತ್ತಿರದ ದೊಡ್ಡ ಊರು ಅಲ್ಬುಕರ್ಕಿಗೆ ಸಿಕ್ಕರೆ ಅಲ್ಲಿಂದ ಸಾಂತಾ ಫೆಗೆ ರೈಲ್ ರನ್ನರ್ ಎಂಬ ರೈಲು ಇದೆ. ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ, ಪದೇ ಪದೇ ಬರುವುದಿಲ್ಲ.

ಹಾಂ, ಊಟಕ್ಕೆ ಕೂತಾಗ "ಕೆಂಪೋ ಹಸಿರೋ?" ಅಂತ ಕೇಳುತ್ತಾರೆ. ಮೆಣಸಿನಕಾಯಿ ಸಾಸ್ ವಿಷಯ ಅದು. ಎರಡೂ ಬೇಕಿದ್ದರೆ "ಕ್ರಿಸ್‌ಮಸ್" ಅನ್ನಿ.